ಒಟ್ಟಿಗೆ ಯಾರು ಬಂದಿದ್ದಾರೆ?

ಸೀತು ಹುಟ್ಟಿದ್ದು ಐವರ್ನಾಡಿನಲ್ಲಿ. ತಾಯಿ ಬೇಗ ತೀರಿಹೋದಳು. ತಂದೆ ಘಟ್ಟದ ಮೇಲಿನ ಕಾಫಿ ತೋಟಕ್ಕೆ ಕೆಲಸಕ್ಕೆಂದು ಹೋದವನು ತಿರುಗಿ ಬರಲಿಲ್ಲ. ಚಿಕ್ಕಪ್ಪ ಅವಳನ್ನು ಕಾಣಿಯೂರಿನ ಒಂದು ಮನೆಯಲ್ಲಿ ಕೆಲಸಕ್ಕೆ ಬಿಟ್ಟ. ಹತ್ತೊಂಬತ್ತರ ಪ್ರಾಯದಲ್ಲಿ ಅವಳು, ಮರ ಸಾಗಿಸುವ ಲಾರಿಯಲ್ಲಿ ಕ್ಲೀನರಾಗಿ ಬರುತ್ತಿದ್ದ ಒಬ್ಬನನ್ನು ನಂಬಿದಳು. ಮದುವೆಯಾಗುತ್ತೇನೆ ಎಂದಿದ್ದ. ಮಳೆಗಾಲ ಹಿಡಿದು ಲಾರಿ ಬರುವುದು ನಿಂತಿತು, ಅವನು ಬರುವುದೂ ನಿಂತಿತು. ಹೊಟ್ಟೆ ಕಾಣಿಸತೊಡಗಿದಾಗ ಮನೆಯೊಡತಿ ಎರಡು ಹಳೆ ಸೀರೆ ಕೊಟ್ಟು, ಚಿಕ್ಕಪ್ಪನಲ್ಲಿಗೆ ಹೋಗೆಂದಳು. ಚಿಕ್ಕಪ್ಪ ಅಂಗಳ ಹತ್ತಲೂ ಬಿಡಲಿಲ್ಲ.

ಐವತ್ತೇಳನೆಯ ಇಸವಿಯ ಚಳಿಗಾಲಕ್ಕೆ ಅವಳು ಕುಂಬ್ರದಲ್ಲಿದ್ದಳು. ಬಸ್ಸುಗಳು ನಿಲ್ಲುವ ಆ ಕೂಡುರಸ್ತೆಯಲ್ಲಿ ಅದ್ರಾಮನ ಚಾದ ಹೋಟೆಲು. ಸೀತು ಅಲ್ಲಿ ಪಾತ್ರೆ ತೊಳೆದು ಗಂಜಿ ಉಣ್ಣುತ್ತಿದ್ದಳು, ಬಾಗಿಲು ಮುಚ್ಚಿದ್ದ ಪಕ್ಕದ ಅಂಗಡಿಯ ಜಗಲಿಯಲ್ಲಿ ಮಲಗುತ್ತಿದ್ದಳು. ಕಾಲು ಬಾತುಕೊಂಡಿತು. ಎದ್ದು ನಿಂತರೆ ಕಣ್ಣು ಕತ್ತಲೆ ಬರುತ್ತಿತ್ತು. ಊರಿನ ಸೂಲಗಿತ್ತಿ ಅಮ್ಮುವಿನ ಹತ್ತಿರ ಹೋಗಿ ಕೇಳಿದಳು.

"ಜಗಲಿಯಲ್ಲಿ ಹೆರಿಗೆ ಮಾಡಿಸುದು ಹೇಗೆ ಮಾರಾಯ್ತಿ?" ಎಂದಳು ಅಮ್ಮು. "ನೀರು ಕಾಯಿಸ್ಲಿಕ್ಕೆ ಒಲೆ ಉಂಟಾ? ಮುಚ್ಚಲಿಕ್ಕೆ ಬಾಗಿಲುಂಟಾ? ಪೇಟೆಯ ಆಸ್ಪತ್ರೆಗೆ ಹೋಗು. ಅಲ್ಲಿ ಧರ್ಮಕ್ಕೆ ನೋಡ್ತಾರೆ."

ಸೀತು ಪುತ್ತೂರು ಪೇಟೆಯವರೆಗೆ ನಡೆದೇ ಹೋದಳು. ಹೆರಿಗೆ ಆಸ್ಪತ್ರೆಯ ನರ್ಸಮ್ಮ ಗಂಡನ ಹೆಸರು ಕೇಳಿದಳು. ಸೀತು ತನ್ನ ಹೆಸರು ಮಾತ್ರ ಹೇಳಿದಳು.

"ಮನೆ ಎಲ್ಲಿ?"

"ಕುಂಬ್ರ."

"ಕುಂಬ್ರದಲ್ಲಿ ಯಾರ ಮನೆ?"

"ಅಂಗಡಿ ಜಗಲಿಯಲ್ಲಿ ಮಲಗುದು."

"ಒಟ್ಟಿಗೆ ಯಾರು ಬಂದಿದ್ದಾರೆ?"

"ಯಾರೂ ಇಲ್ಲ."

ನರ್ಸಮ್ಮ ಕೆಟ್ಟವಳಲ್ಲ. ಹಿಂದಿನ ವರ್ಷ ಹೀಗೆಯೇ ಒಬ್ಬಳೇ ಬಂದ ಹುಡುಗಿ ಹೆತ್ತು, ಮಗುವನ್ನು ಅಲ್ಲೇ ಬಿಟ್ಟು ಹೋಗಿದ್ದಳು. ಪೊಲೀಸರು ಬಂದು ಡಾಕ್ಟರನ್ನು ನೂರು ಪ್ರಶ್ನೆ ಕೇಳಿದ್ದರು. "ಹೆತ್ತ ಮೇಲೆ ನಿನ್ನನ್ನು ಯಾರ ಕೈಗೆ ಕೊಡುದು? ಗಂಜಿ ತರುದು ಯಾರು? ಯಾರನ್ನಾದ್ರೂ ಕರ್ಕೊಂಡು ಬಾ, ಆಗ ಸೇರಿಸ್ಕೊಳ್ತೇವೆ" ಎಂದಳು.

ಸೀತುವಿಗೆ ಸಿಟ್ಟು ಬರಲಿಲ್ಲ. ಕೇಳಿದ್ದರಲ್ಲಿ ತಪ್ಪೇನೂ ಅವಳಿಗೆ ಕಾಣಲಿಲ್ಲ. ನಳ್ಳಿಯಲ್ಲಿ ನೀರು ಕುಡಿದು, ಬಂದ ದಾರಿಯಲ್ಲೇ ವಾಪಸು ನಡೆದಳು.

ಸಂಜೆ ಅದ್ರಾಮನ ಹೆಂಡತಿ ಸಫಿಯಮ್ಮ ಹೋಟೆಲಿನ ಹಿಂಬದಿಗೆ ಬಂದಾಗ ಪಾತ್ರೆಗಳು ಹಾಗೇ ಬಿದ್ದಿದ್ದವು. ಸೀತು ಒಗೆಯುವ ಕಲ್ಲಿಗೆ ಒರಗಿ ಕುಳಿತಿದ್ದಳು. ಸಫಿಯಮ್ಮ ಕೇಳಿದಳು, ಸೀತು ಹೇಳಿದಳು. ಸಫಿಯಮ್ಮ ತಾನು ಆಸ್ಪತ್ರೆಯ ಮೆಟ್ಟಿಲು ಹತ್ತಿದವಳಲ್ಲ. ಅವಳ ಮೊದಲ ಎರಡು ಮಕ್ಕಳು ಮನೆಯಲ್ಲೇ ಹುಟ್ಟಿ, ಮನೆಯಲ್ಲೇ ಸತ್ತಿದ್ದವು. ಮರುದಿನ ತಲೆಗೆ ವಸ್ತ್ರ ಹೊದ್ದು, ಸೀತುವಿನ ಕೈ ಹಿಡಿದು ಮೊದಲ ಬಸ್ಸು ಹತ್ತಿದಳು.

"ಇವಳು ನಿಮಗೆ ಎಂತ ಆಗ್ಬೇಕು?" ಎಂದಳು ನರ್ಸಮ್ಮ.

ಸಫಿಯಮ್ಮ ಅದನ್ನು ಯೋಚಿಸಿಯೇ ಇರಲಿಲ್ಲ. "ನಮ್ಮ ಮನೆಯವಳು" ಎಂದುಬಿಟ್ಟಳು.

"ಹೆಸರು ಸೀತು ಅಂತ ಹೇಳಿದಳಲ್ಲ?"

"ಹೌದು, ಸೀತು. ಇರುದು ನಮ್ಮಲ್ಲಿ. ಗಂಜಿ ನಾನು ತರ್ತೇನೆ. ಹೆತ್ತ ಮೇಲೆ ನಾನೇ ಕರ್ಕೊಂಡು ಹೋಗುದು. ಮತ್ತೆ ಎಂತ ಬೇಕು ನಿಮಗೆ?"

ನರ್ಸಮ್ಮ ಇಬ್ಬರ ಮುಖವನ್ನೂ ಒಮ್ಮೆ ನೋಡಿ ಸೀತುವನ್ನು ಒಳಗೆ ಕರೆದಳು. ಮೈಯಲ್ಲಿ ರಕ್ತವೇ ಇಲ್ಲ, ಇನ್ನು ಸ್ವಲ್ಪ ತಡವಾಗಿದ್ದರೆ ತಾಯಿ ಮಗು ಇಬ್ಬರೂ ಉಳಿಯುತ್ತಿರಲಿಲ್ಲ ಎಂದು ಡಾಕ್ಟರು ಬೈದು, ಹೆರಿಗೆಯವರೆಗೆ ಅಲ್ಲಿಯೇ ಇರಿಸಿಕೊಂಡರು.

ಮನೆಗೆ ಬಂದು ಸಫಿಯಮ್ಮ ಗಂಡನಿಗೆ ಎಲ್ಲ ಹೇಳಿದಳು. ಅದ್ರಾಮ ಚಾ ಸೋಸುತ್ತಲೇ ಕೇಳಿಸಿಕೊಂಡ.

"ನನ್ನಲ್ಲಿ ಒಂದು ಮಾತು ಕೇಳ್ಲಿಕ್ಕೆ ಆಗ್ಲಿಲ್ವಾ?"

"ಕೇಳಿದ್ರೆ ಬೇಡ ಹೇಳ್ತಿದ್ರಿ."

"ಹೌದು, ಬೇಡ ಹೇಳ್ತಿದ್ದೆ" ಎಂದ ಅದ್ರಾಮ. ಆದರೆ ಆಸ್ಪತ್ರೆಯಲ್ಲಿ ಮಾತು ಕೊಟ್ಟಾಗಿತ್ತು. ಎರಡು ದಿನ ಮುಖ ಊದಿಸಿಕೊಂಡಿದ್ದು, ಮೂರನೆಯ ದಿನ ಹಿತ್ತಿಲಿನ ಸೌದೆ ಕೊಟ್ಟಿಗೆಯನ್ನು ಖಾಲಿ ಮಾಡಿಸಿ ಸೋಗೆ ಹೊದಿಸಿದ.

ಹೆಣ್ಣು ಮಗು ಹುಟ್ಟಿತು. ಅಂಗೈಯಷ್ಟೇ ಇದೆ ಎಂದು ನೋಡಿದವರೆಲ್ಲ ಹೇಳಿದರು, ಆದರೆ ಬದುಕಿತು. ಸೀತು ಅದಕ್ಕೆ ಈಶ್ವರಿ ಎಂದು ಹೆಸರಿಟ್ಟು ಕೊಟ್ಟಿಗೆಯಲ್ಲೇ ಸಂಸಾರ ಹೂಡಿದಳು. ಸೀತುವಿನ ಜಾತಿಯವರು, ಅದ್ರಾಮನ ಜಾತಿಯವರು, ಎರಡೂ ಕಡೆಯವರು ಆಡಿಕೊಂಡರು. ರಸ್ತೆಯಾಚೆ ಅಂಗಡಿ ಇಟ್ಟಿದ್ದ ಸಂಕಪ್ಪ ಅದ್ರಾಮನಲ್ಲಿ ಚಾ ಕುಡಿಯುವುದನ್ನೇ ಬಿಟ್ಟ. ಬೇರೆ ಹೋಟೆಲು ಹತ್ತಿರದಲ್ಲಿ ಇಲ್ಲದ್ದರಿಂದ ಮಳೆಗಾಲಕ್ಕೆ ಮುಂಚೆ ತಿರುಗಿ ಬಂದ.

ಸೀತು ಹೋಟೆಲಿನ ದೋಸೆಗೆ ಅರೆಯುವ ಕಲ್ಲಿನಲ್ಲಿ ಅಕ್ಕಿ ಕಡೆಯುತ್ತ ಅಲ್ಲೇ ಉಳಿದಳು. ಬಸ್ಸುಗಳು ಹೆಚ್ಚಾದವು. ನೆಲೆ ಇಲ್ಲದ ಹುಡುಗಿಯರು ಇಳಿಯುವುದೂ ಹೆಚ್ಚಾಯಿತು. ಯಾರಿಗೆ ಎಂತ ಕಷ್ಟ ಎಂದು ಅವಳಿಗೆ ನಡಿಗೆಯಲ್ಲೇ ಗೊತ್ತಾಗುತ್ತಿತ್ತು. ಬಂದವರನ್ನು ಕೊಟ್ಟಿಗೆಯಲ್ಲಿ ಇರಿಸಿಕೊಂಡು ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತಿದ್ದಳು. ಎಲ್ಲವೂ ಒಳ್ಳೆಯದಾಗಲಿಲ್ಲ. ಪ್ರೇಮಾವತಿ ಎಂಬವಳು ಬಸರು ಇಳಿಯಲಿ ಎಂದು ಯಾರೋ ಕೊಟ್ಟ ಬೇರು ಅರೆದು ಕುಡಿದು, ಜ್ವರ ಏರಿದ ಮೇಲೆ ಬಂದಳು. ಪೊಲೀಸರಿಗೆ ಕೊಡುತ್ತಾರೆ ಎಂದು ಆಸ್ಪತ್ರೆಗೆ ಹೆದರಿದಳು. ಸೀತು ಒಪ್ಪಿಸುವಷ್ಟರಲ್ಲಿ ಹೊತ್ತು ಮೀರಿತ್ತು. ಅವಳನ್ನು ಮಣ್ಣು ಮಾಡಿ ಬಂದ ದಿನ ಸೀತು ಅಕ್ಕಿ ಕಡೆಯಲಿಲ್ಲ.

ಅರವತ್ತಾರರಲ್ಲಿ ಕುಟುಂಬ ಯೋಜನೆಯ ನರ್ಸು ಮೂಕಾಂಬಿಕಾ ಮನೆ ಮನೆಗೆ ಹೋಗುತ್ತ ಕುಂಬ್ರಕ್ಕೂ ಬಂದಳು. ಸೀತು ಅವಳಿಗೆ ಚಾ ಕೊಟ್ಟು ಕೇಳಿದಳು.

"ಅಕ್ಕ, ಮನೆ ಇಲ್ಲದವರಲ್ಲಿಗೆ ಯಾವಾಗ ಹೋಗುದು?"

"ನಮಗೆ ಮದುವೆ ಆದವರನ್ನು ಮಾತ್ರ ನೋಡ್ಲಿಕ್ಕೆ ಹೇಳಿದ್ದು" ಎಂದಳು ಮೂಕಾಂಬಿಕಾ.

"ಸಾಯುದು ಮದುವೆ ಆಗದವರು."

ಮೂಕಾಂಬಿಕಾ ಚಾ ಮುಗಿಸಿ ಹೋದಳು. ಆದರೆ ಮುಂದಿನ ಸಲ ಬಂದಾಗ ಹೋಟೆಲಿನ ಹಿಂದಿನ ಕೋಣೆಯಲ್ಲಿ ಒಂದು ಗಂಟೆ ಕುಳಿತಳು. ಅಂದು ಯಾರೂ ಬರಲಿಲ್ಲ. ಅದರ ಮುಂದಿನ ಸಲ ಇಬ್ಬರು ಬಂದರು, ಸೆರಗಿನಲ್ಲಿ ಮುಖ ಮುಚ್ಚಿಕೊಂಡು. ನರ್ಸು ಕುಳಿತಿರುವಷ್ಟು ಹೊತ್ತು ಅದ್ರಾಮ ಆ ಕಡೆಗೆ ಗಂಡಸರನ್ನು ಬಿಡುತ್ತಿರಲಿಲ್ಲ. ಯಾಕೆಂದು ಕೇಳಿದವರಿಗೆ, "ಒಳಗೆ ಅಕ್ಕಿ ಹರಡಿದ್ದುಂಟು ಮಾರಾಯ್ರೆ, ತುಳಿಬೇಡಿ" ಎನ್ನುತ್ತಿದ್ದ.