ಹಾಳೆಯ ಮೇಲೆ ಬರೆದ ಅಂಕಿ

ಆಳವಾದ ಸುಟ್ಟಗಾಯಕ್ಕೆ ಸ್ಪಂಜು ತುಂಬಿ, ಮೇಲೆ ಪಾರದರ್ಶಕ ಹಾಳೆ ಅಂಟಿಸಿ, ಪೈಪಿನ ಮೂಲಕ ಕೀವು ನೀರನ್ನು ಹೀರಿ ತೆಗೆಯುವ ವ್ಯಾಕ್ಯೂಮ್ ಚಿಕಿತ್ಸೆ ಕಂಟೋನ್ಮೆಂಟಿನ ನಮ್ಮ ಆಸ್ಪತ್ರೆಗೆ ಬಂದಾಗ, ಆ ಮೆಷಿನ್ನನ್ನು ಮೊದಲು ಕಲಿತ ಶುಶ್ರೂಷಕಿ ಶ್ರೀಮತಿ ವಾಜಿದಾ ಅವರು. ಮೂವತ್ನಾಲ್ಕು ವರ್ಷ ಅವರು ಸುಟ್ಟಗಾಯದ ವಾರ್ಡಿನಲ್ಲೇ ಜೀವ ತೇದರು. ಕೈ ಬೆಂದವರಿಗೆ ತುತ್ತಿಟ್ಟು ಉಣಿಸಿದ ಮೇಲೆಯೇ ತಮ್ಮ ಡಬ್ಬಿ ತೆರೆಯುತ್ತಿದ್ದರು.

ಅವರ ನಿವೃತ್ತಿಗೆಂದು ತರುತ್ತಿರುವ ಈ ಅಭಿನಂದನಾ ಪುಸ್ತಕದಲ್ಲಿ ಇಷ್ಟು ಹೊಗಳಿ ಮುಗಿಸೋಣವೆಂದರೆ ಅವರು ಬಿಡಲಿಲ್ಲ. "ಜಟ್ಟೆಮ್ಮನ ವಿಷ್ಯ ಬರೀದಿದ್ರೆ ನನ್ಗೆ ಈ ಬುಕ್ಕೇ ಬೇಡ" ಎಂದರು.

ಹನ್ನೊಂದು ವರ್ಷದ ಹಿಂದೆ ದೊಡ್ಡನೆಕ್ಕುಂದಿಯ ಕ್ಯಾಂಟೀನೊಂದರಲ್ಲಿ ಅಡುಗೆ ಮಾಡುತ್ತಿದ್ದ ಜಟ್ಟೆಮ್ಮನ ಕಾಲಿನ ಮೇಲೆ ಕಾದ ಎಣ್ಣೆ ಬಿದ್ದು, ಮೀನಖಂಡ ಎಲುಬಿನವರೆಗೆ ಬೆಂದಿತ್ತು. ಮೆಷಿನ್ ಹಾಕಿ ಎರಡು ವಾರಕ್ಕೆ ಕೆಂಪು ಮಾಂಸ ಚಿಗುರಿದಾಗ, ಕಾಲು ಉಳಿಯಿತೆಂದು ಗಂಡ ಈರೇಶ ಊರಿಗೆ ಫೋನು ಮಾಡಿದ್ದ. ವಾಜಿದಾ ಗಾಯದೊಳಗೆ ಇಟ್ಟದ್ದು ನಾಲ್ಕು ತುಂಡು ಸ್ಪಂಜು. ಬದಲಿಸುವಾಗ ತೆಗೆದದ್ದು ಮೂರು. ಎಣಿಕೆ ತಲೆಯಲ್ಲಷ್ಟೇ ಇತ್ತು, ಎಲ್ಲೂ ಬರೆದಿರಲಿಲ್ಲ, ತಪ್ಪಿಹೋಯಿತು. ಉಳಿದ ತುಂಡಿನ ಮೇಲೆಯೇ ಮಾಂಸ ಬೆಳೆದು, ಒಳಗೊಳಗೇ ಕೀವಾಗಿ, ಜ್ವರ ನೆತ್ತಿಗೇರಿ, ಜೀವ ಉಳಿಸಲು ಕಾಲನ್ನೇ ಕತ್ತರಿಸಬೇಕಾಯಿತು. ಕತ್ತರಿಸಿದ ಕಾಲಿನಲ್ಲಿ ಆ ತುಂಡು ಸಿಕ್ಕಿತು.

"ಗಾಯ ಡೀಪ್ ಇತ್ತು ಅಂದ್ಬಿಡಿ ಸಿಸ್ಟರ್, ಸಾಕು" ಎಂದರು ಹಿರಿಯ ವೈದ್ಯರು. ವಾಜಿದಾರಿಗೆ ನೌಕರಿಯ ಭಯ ಇರಲಿಲ್ಲವೆಂದಲ್ಲ. ಆದರೂ ಈರೇಶನ ಮುಂದೆ ಹೋಗಿ ನಿಂತು, "ತಪ್ಪು ನಂದು. ಸ್ಪಂಜು ಒಳಗೇ ಬಿಟ್ಬಿಟ್ಟೆ" ಎಂದರು.

ಅವನು ಕೇಳಿದ: "ಹೇಳಿದ್ರ ಕಾಲು ಬರ್ತದೇನ್ರಿ?"

ವಾಜಿದಾರ ನೌಕರಿ ಉಳಿಯಿತು, ಬಡ್ತಿ ಕೊನೆತನಕ ಸಿಗಲಿಲ್ಲ. ಅಂದಿನಿಂದ ನಮ್ಮ ವಾರ್ಡಿನಲ್ಲಿ ಎಷ್ಟು ತುಂಡು ಇಟ್ಟರೋ ಆ ಅಂಕಿಯನ್ನು ಗಾಯಕ್ಕೆ ಅಂಟಿಸಿದ ಹಾಳೆಯ ಮೇಲೆ ಕಪ್ಪು ಮಾರ್ಕರಿನಲ್ಲಿ ಬರೆದು, ರೋಗಿಗೂ ಗಟ್ಟಿಯಾಗಿ ಹೇಳಬೇಕೆಂದು ಅವರು ಹಟ ಹಿಡಿದರು. ಮತ್ತೊಂದು ತುಂಡು ಯಾರ ಮೈಯೊಳಗೂ ಉಳಿದಿಲ್ಲ. ಇದನ್ನು ಸಾಧನೆ ಎಂದರೆ ಅವರು ಸಿಡುಕುತ್ತಾರೆ.

ಈ ಲೇಖನಕ್ಕೆ ಒಪ್ಪಿಗೆ ಕೇಳಲು ವಾಜಿದಾ ತಾವೇ ಕೆ.ಆರ್. ಪುರಕ್ಕೆ, ಜಟ್ಟೆಮ್ಮನ ಬಾಡಿಗೆ ಕೋಣೆಗೆ ಹೋಗಿ ಬಂದರು. ಭಗವಂತ ಅವರಿಗೆ ಆಯುಸ್ಸು ಆರೋಗ್ಯ ಕೊಡಲಿ, ನಿವೃತ್ತಿಯ ನಂತರವೂ ಹೊಸ ನರ್ಸ್‌ಗಳಿಗೆ ಪಾಠ ಹೇಳುವ ಅವರ ಸಂಕಲ್ಪ ನಡೆಯಲಿ ಎಂದು ಹಾರೈಸುತ್ತಾ, ಜಟ್ಟೆಮ್ಮ ಹೇಳಿದ್ದನ್ನು ವಾಜಿದಾ ಬರೆಸಿದಂತೆಯೇ ಇಲ್ಲಿ ಕೊಡುತ್ತಿದ್ದೇವೆ: "ಬರೀಲಿ. ನಾ ಇನ್ನಾ ನಿಮಗ ಮಾಫ್ ಮಾಡಿಲ್ಲ, ಅದೂ ಬರೀಲಿ."