ಗವಸಿನೊಳಗಿನ ಪ್ರೊಸೆಸರು

ನಮ್ಮ ಧಾರವಾಡದ ಮನೆಗಳಲ್ಲಿ ಬೆಲೆಬಾಳುವ ಯಾವ ವಸ್ತುವೂ ಬಹುಕಾಲ ಬರಿಮೈಯಲ್ಲಿ ಇರುವುದಿಲ್ಲವೆಂಬುದನ್ನು ನೀವೂ ಗಮನಿಸಿರಬೇಕು. ರೇಡಿಯೋ ಬಂದ ವಾರದಲ್ಲೇ ಅದಕ್ಕೊಂದು ಅಂಗಿ, ಟೀವಿಗೆ ಪರದೆ, ಮಿಕ್ಸರಿಗೆ ಕುಲಾವಿ. ಯಜಮಾನನ ಅಂಗಿಯ ಗುಂಡಿ ಬಿದ್ದು ತಿಂಗಳಾದರೂ ಯಾರ ಕಣ್ಣಿಗೂ ಬೀಳದ ಮನೆಯಲ್ಲಿ ಟೀವಿಯ ಪರದೆ ಮಾತ್ರ ತಪ್ಪದೆ ಒಗೆತ ಕಾಣುತ್ತದೆ. ಆ ಯಜಮಾನ ನಾನೇ ಆದ್ದರಿಂದ ಈ ಮಾತನ್ನು ಅಧಿಕಾರಯುತವಾಗಿ ಹೇಳಬಲ್ಲೆ.

ಹೊಸ ಶತಮಾನದ ಮೊದಮೊದಲ ವರ್ಷಗಳಲ್ಲಿ ನಮ್ಮಲ್ಲಿಗೆ ಬಂದ ಕಂಪ್ಯೂಟರು ಈ ವಸ್ತ್ರಸಂಸ್ಕಾರದಿಂದ ತಪ್ಪಿಸಿಕೊಳ್ಳಲಿಲ್ಲ. ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿ ಪುಟ್ಟ ಅಂಗಡಿ ಇಟ್ಟಿದ್ದ ಈರಣ್ಣ ಅದನ್ನು ಬಿಡಿಭಾಗಗಳಿಂದ ಜೋಡಿಸಿಕೊಟ್ಟಿದ್ದ. ಸಂಶೋಧನೆಯ ಪ್ರಬಂಧ ಬರೆಯಲು ಬೇಕೆಂದು ಮನೆಯಲ್ಲಿ ಹೇಳಿದ್ದೆ. ಕಾರ್ ರೇಸಿನ ಆಟ ಸಲೀಸಾಗಿ ಓಡಬೇಕೆಂದು ಈರಣ್ಣನ ಕಿವಿಯಲ್ಲಿ ಹೇಳಿದ್ದೆ. ಕಾಲೇಜಿನಲ್ಲಿ ತರ್ಕಶಾಸ್ತ್ರ ಬೋಧಿಸುವ, ತಲೆ ಅರ್ಧ ನರೆತ ಮನುಷ್ಯನಿಗೆ ಇಂಥ ಅಭಿಲಾಷೆಯನ್ನು ಬಹಿರಂಗಪಡಿಸುವ ಧೈರ್ಯ ಎಲ್ಲಿಂದ ಬರಬೇಕು? ಚಿತ್ರಗಳು ಚೆನ್ನಾಗಿ ಕಾಣಲೆಂದು ಗ್ರಾಫಿಕ್ಸ್ ಕಾರ್ಡು ಒಳ್ಳೆಯದು ಹಾಕಿಸಿ, ಪ್ರೊಸೆಸರನ್ನು ಇದ್ದುದರಲ್ಲಿ ಅಗ್ಗದ್ದನ್ನೇ ಆರಿಸಿದೆ.

ಅದೇ ವರ್ಷ ಸತ್ತೂರಿನ ಆಸ್ಪತ್ರೆಯಲ್ಲಿ ಅವ್ವನ ಕಣ್ಣಿನ ಪೊರೆ ತೆಗೆಸಿದ್ದೆವು. ಸೂಜಿಗೆ ದಾರ ಪೋಣಿಸಲಾಗದೆ ಎಷ್ಟೋ ವರ್ಷಗಳಿಂದ ಕಸೂತಿ ಬಿಟ್ಟಿದ್ದ ಅವ್ವ, ಕಣ್ಣು ತಿಳಿಯಾದ ಮೇಲೆ ಮೊದಲು ಕೈಗೆತ್ತಿಕೊಂಡದ್ದು ಕಂಪ್ಯೂಟರಿನ ಡಬ್ಬಿಗೆ ಗವಸು ಮಾಡುವ ಕೆಲಸ. ಕಪ್ಪು ಬಟ್ಟೆಯ ಎಳೆ ಎಣಿಸಿ ಎಣಿಸಿ ಗೋಪುರ, ನವಿಲು, ಆನೆಯ ಸಾಲು ಹಾಕಿದಳು. ಗುಂಡಿ ಒತ್ತಲು ಮುಂದೊಂದು ಸಣ್ಣ ತೂತು ಬಿಟ್ಟರೆ ಉಳಿದದ್ದೆಲ್ಲ ಮುಚ್ಚಿತ್ತು. ಧೂಳು ಹೋಗಬಾರದೆಂದು ಯಂತ್ರ ನಡೆಯುವಾಗಲೂ ಅದನ್ನು ತೆಗೆಯುವಂತಿರಲಿಲ್ಲ. ಎಲ್ಲಿಯೂ ಗಂಟು ಹಾಕದೆ ಹೆಣೆಯುವುದೇ ಕಸೂತಿಯ ಹೆಚ್ಚುಗಾರಿಕೆಯಾದ್ದರಿಂದ, ಮನೆಗೆ ಬಂದವರಿಗೆಲ್ಲ ಅಂಚು ಮಗುಚಿ ಒಳಮೈ ತೋರಿಸಿ, "ನೋಡ್ರಿ, ಒಂದರ ಗಂಟು ಐತೇನು?" ಎಂದು ಕೇಳುತ್ತಿದ್ದಳು. ಹಾಗೆ ಕೇಳುವಾಗ ಅವಳ ಮುಖ ನೋಡುವುದೇ ನನಗೊಂದು ಸುಖವಾಗಿತ್ತು.

ಭಾನುವಾರ ಬೆಳಗ್ಗೆ ನಮ್ಮ ಓಣಿಯ ಕುಲಕರ್ಣಿಯವರು ಬರುತ್ತಿದ್ದರು. ರಸಾಯನಶಾಸ್ತ್ರದ ಅಧ್ಯಾಪಕರು, ಮಿತಭಾಷಿಗಳು, ಕಾರ್ ರೇಸಿನಲ್ಲಿ ಮಾತ್ರ ಕರುಣೆಯಿಲ್ಲದವರು. ಅವಲಕ್ಕಿ ತಿಂದು ಚಹಾ ಕುಡಿದು ಯಂತ್ರದ ಮುಂದೆ ಕೂತಾಗ ನಾನು ಕುರ್ಚಿ ಸರಿಸಿ, "ಮೊದಲ ನೀವ ಆಡ್ರಿ" ಅನ್ನುತ್ತಿದ್ದೆ. ಮನೆಗೆ ಬಂದವರನ್ನು ಕೂರಿಸಿ ತಾನೇ ಮೊದಲು ಆಡುವಷ್ಟು ಅನಾಗರಿಕ ನಮ್ಮೂರಿನಲ್ಲಿ ಇನ್ನೂ ಹುಟ್ಟಿಲ್ಲ. ಅವರು ಅರ್ಧ ತಾಸು ಆಡಿ ಏಳುವರು, ನಾನು ಕೂರುವೆ, ಸೋಲುವೆ. ಆರು ತಿಂಗಳಲ್ಲಿ ಈ ಕ್ರಮ ಒಂದು ವಾರವೂ ತಪ್ಪಲಿಲ್ಲ.

ತಾರ್ಕಿಕನಾದ ನಾನು ಕಾರಣವನ್ನು ಶೋಧಿಸದೆ ಬಿಡುವೆನೇ? ಕುಲಕರ್ಣಿಯವರ ಕೈಯಲ್ಲಿ ನೀರಿನಂತೆ ಹರಿಯುವ ಕಾರು ನನ್ನ ಪಾಳಿಯಲ್ಲಿ ಮೂರನೆಯ ತಿರುವಿಗೆ ಬಂದೊಡನೆ ತಡವರಿಸುತ್ತಿತ್ತು. ಚಿತ್ರ ನಿಂತು, ಜಿಗಿದು, ಕಾರು ಗೋಡೆಗೆ ಹಾಯುತ್ತಿತ್ತು. ಸಾಧಾರಣ ಪ್ರೊಸೆಸರು ಸಾಧಾರಣ ಚಾಲಕನಿಗೆ ಸಾಕು, ನನ್ನ ವೇಗಕ್ಕೆ ಸಾಲದು ಎಂದು ನಿಷ್ಕರ್ಷಿಸಿದೆ. ಇಷ್ಟು ನಿರ್ದುಷ್ಟವಾದ, ಇಷ್ಟು ಹಿತವಾದ ಅನುಮಾನವನ್ನು ನನ್ನ ಇಡೀ ಅಧ್ಯಾಪನ ಜೀವನದಲ್ಲಿ ನಾನು ಮಾಡಿರಲಿಲ್ಲ. ಹೊಸ ಪ್ರೊಸೆಸರು ಹಾಕಿಸುವುದೆಂದು ತೀರ್ಮಾನಿಸಿ ಈರಣ್ಣನನ್ನು ಕರೆಸಿದೆ.

ಅವನು ಬಂದ ಹೊತ್ತಿಗೆ ಅವ್ವ ಅಡಿಗೆಮನೆಯಲ್ಲಿದ್ದಳು. ಈರಣ್ಣ ಆಟ ಹಚ್ಚಿ, ಕಾರು ತಡವರಿಸುವವರೆಗೂ ನೋಡಿದ. ಡಬ್ಬಿಯ ಮೇಲೆ, ಜ್ವರ ಬಂದ ಮಗುವಿನ ಹಣೆ ಮುಟ್ಟುವಂತೆ, ಕೈಯಿಟ್ಟ. ಆಮೇಲೆ ಗವಸು ತೆಗೆದು ಕುರ್ಚಿಯ ಮೇಲಿಟ್ಟು, ಯಂತ್ರ ಆರಿದ ಮೇಲೆ ಮತ್ತೆ ಆಡಿಸಿದ. ಒಂದು ತಾಸು ಕಳೆದರೂ ಕಾರು ಎಲ್ಲಿಯೂ ತಡವರಿಸಲಿಲ್ಲ.

"ಸರ, ಮೈತುಂಬ ಹೊಚಗೊಂಡು ಓಡಂದ್ರ ನೀವಾದ್ರೂ ಎಷ್ಟ ದೂರ ಓಡ್ತೀರಿ?" ಎಂದ. "ಕಾದ್ರ ಅದು ತಾನ ನಿಧಾನ ಆಗ್ತೈತ್ರಿ, ಸುಡಬಾರದಂತ. ಮೊದಲ ಆಡಿದವ್ರಿಗೆ ತಣ್ಣಗಿರ್ತೈತಿ, ನಿಮ್ಮ ಪಾಳಿ ಬರೂದ್ರಾಗ ಕಾದಿರ್ತೈತಿ."

ಅಂದರೆ ಆರು ತಿಂಗಳಿನಿಂದ ನನ್ನನ್ನು ಸೋಲಿಸುತ್ತಿದ್ದದ್ದು ನನ್ನ ಸೌಜನ್ಯ ಮತ್ತು ಅವ್ವನ ಕಸೂತಿ. ಪ್ರೊಸೆಸರು ನಿರಪರಾಧಿ. ಆದರೆ ಓದುಗ ಮಿತ್ರರೇ, ನನ್ನ ಜಾಗದಲ್ಲಿ ನಿಂತು ನೋಡಿ. ಮರಳಿ ಬಂದ ಕಣ್ಣಿನಿಂದ ಅವಳು ಮಾಡಿದ ಮೊದಲ ಕೆಲಸವೇ ಯಂತ್ರದ ಉಸಿರು ಕಟ್ಟಿಸುತ್ತಿದೆಯೆಂದು ಯಾವ ಬಾಯಿಂದ ಹೇಳುವುದು? ನನಗೆ ನಿಜವಾಗಿ ಭಯವಾಯಿತು. ಈರಣ್ಣನನ್ನು ಹತ್ತಿರ ಕರೆದು, ಗವಸು ಹಾಕಿಕೊಂಡೇ ಓಡುವಂಥ ಪ್ರೊಸೆಸರು ಹಾಕಿಬಿಡು ಎಂದೆ.

"ಅಂಥಾದ್ದು ಇನ್ನೂ ಬಂದಿಲ್ರಿ ಸರ. ಹೊಸಾದು ಇದಕ್ಕಿಂತ ಜಾಸ್ತಿ ಕಾಯ್ತೈತಿ."

"ದೊಡ್ಡ ಫ್ಯಾನ್ ಹಾಕು, ಏನರ ಮಾಡು. ಅವ್ವಗ ಹೇಳೂದು ನನ್ನ ಕೈಲಿ ಆಗೂದಿಲ್ಲ."

ಚಹಾದ ತಟ್ಟೆ ಹಿಡಿದು ಅವ್ವ ಬಾಗಿಲಲ್ಲೇ ನಿಂತಿದ್ದಳು. ಎಲ್ಲವೂ ಅವಳ ಕಿವಿಗೆ ಬಿದ್ದಿತ್ತು. ತಟ್ಟೆ ಇಟ್ಟು, ಕುರ್ಚಿಯ ಮೇಲಿನ ಗವಸನ್ನು ಎತ್ತಿಕೊಂಡಳು.

"ನನ್ನ ಕಣ್ಣಿಗೆ ಪಟ್ಟಿ ಕಟ್ಟಿದಾಗ ಒಂದ ದಿನಕ್ಕ ಜೀವ ಸಾಕಾಗಿತ್ತು. ಇದಕ್ಕ ಆರು ತಿಂಗಳಿಂದ ಕಟ್ಟೀನಿ. ಹೇಳಬಾರದೇನೋ ತಮ್ಮಾ?"

"ಬ್ಯಾಸರ ಮಾಡಿಕೊಳ್ತಿ ಅಂತ..." ಎಂದು ನಾನು ತೊದಲಿದೆ.

"ಮಾಡಿಕೊಳ್ತಿದ್ದೆ. ಒಂದ ಹೊತ್ತು ಮಾಡಿಕೊಂಡು ಬಿಡ್ತಿದ್ದೆ."

ಈರಣ್ಣನ ಕೈಯಿಂದ ಗವಸಿನ ಬೆನ್ನಿನ ಕಡೆ ಗಾಳಿ ಹೊರಬರುವ ಜಾಗಕ್ಕೆ ಸುಣ್ಣದ ಕಡ್ಡಿಯಲ್ಲಿ ಗೆರೆ ಎಳೆಸಿದಳು. ಗೆರೆ ಸರಿಯಾಗಿ ಒಂದು ಗೋಪುರದ ನಡುವೆ ಹಾಯ್ದಿತ್ತು. ನಾನು ಬೇಡ ಅನ್ನುವಷ್ಟರಲ್ಲಿ ಕತ್ತರಿ ಆಡಿಸಿಯಾಗಿತ್ತು. ಹೊಸ ಪ್ರೊಸೆಸರಿನ ವಿಚಾರ ಅಲ್ಲಿಗೇ ಮುಗಿಯಿತು. ಅವಳನ್ನು ನೋಯಿಸಬಾರದೆಂಬ ನೆಪದಲ್ಲಿ ಅವಳ ದೊಡ್ಡತನವನ್ನೇ ನಾನು ಕಡಿಮೆ ಅಂದಾಜು ಮಾಡಿದ್ದೆನೆಂದು ನಾಚಿಕೆಯಾಯಿತು. ಮರುದಿನ ಅವ್ವ ಕೂತು ಆ ಕಿಂಡಿಯ ಸುತ್ತ ಕೆಂಪು ದಾರದಲ್ಲಿ ಅಂಚು ಹಾಕಿದಳು, ಗಂಟಿಲ್ಲದೆ.

ಹೀಗಾಗಿ ನಮ್ಮ ಕಂಪ್ಯೂಟರು ಇಂದಿಗೂ ಬರಿಮೈಯಲ್ಲಿಲ್ಲ. ಬೆನ್ನಿಗೊಂದು ಕಿಟಕಿಯುಳ್ಳ ಅಂಗಿ ತೊಟ್ಟಿದೆ. ಕಿಂಡಿ ಕತ್ತರಿಸಿದ ಮುಂದಿನ ಭಾನುವಾರ ಕುಲಕರ್ಣಿಯವರು ಬಂದರು. ಚಟ ಬಿಡದೆ ಕುರ್ಚಿ ಸರಿಸಿ, ಮೊದಲು ನೀವೇ ಆಡಿರೆಂದೆ. ಅವರ ನಂತರ ನಾನು ಕೂತೆ. ಕಾರು ನೀರಿನಂತೆ ಹರಿದು, ಮೂರನೆಯ ತಿರುವಿನಲ್ಲಿ ಸ್ವಲ್ಪವೂ ತಡವರಿಸದೆ, ನೇರವಾಗಿ ಗೋಡೆಗೆ ಹಾಯಿತು. ಯಂತ್ರ ಕಾದಂತೆ ಕಾಣುತ್ತದೆ ಎಂದು ಗೊಣಗಿದೆ. ಹಿಂದೆ ಕೂತಿದ್ದ ಅವ್ವ ಎದ್ದು ಬಂದು ಕಿಂಡಿಗೆ ಅಂಗೈ ಹಿಡಿದು ನೋಡಿದಳು.

"ಇದು ಆರಾಮ ಐತಿ ತಮ್ಮಾ. ನಿನಗ ಆಡಾಕ ಬರೂದಿಲ್ಲ."

ನನಗೆ ಬೇಸರವಾದೀತೆಂದು ಅವಳು ಅರೆಗಳಿಗೆಯೂ ಹಿಂಜರಿಯಲಿಲ್ಲ. ನಾನೂ ಒಂದು ಹೊತ್ತು ಬೇಸರ ಮಾಡಿಕೊಂಡು ಬಿಟ್ಟೆ.