ವಾರ್ತಾವಾಚಕಿ ಅಂದರೆ ಓದುವವಳು

ಟಿವಿಯಲ್ಲಿ ಅರಚುತ್ತಿದ್ದ ಹುಡುಗಿಯನ್ನು ತೋರಿಸಿ ಮೊಮ್ಮಗಳು ‘ಆ್ಯಂಕರ್’ ಎಂದಳು. ನಮ್ಮ ಕಾಲದಲ್ಲಿ ಅವರನ್ನು ವಾರ್ತಾವಾಚಕಿ ಎನ್ನುತ್ತಿದ್ದರು. ಆ ಪದದ ಅರ್ಥವನ್ನು ನನಗೆ ಹೇಳಿಕೊಟ್ಟವನು ಕಾಕಾ. ಹೆಣ್ಣಿಗೆ ಓದು ಯಾಕೆಂದು ಏಳನೇ ಕ್ಲಾಸಿಗೇ ನನ್ನ ಶಾಲೆ ಬಿಡಿಸಿದವನೂ ಅವನೇ.

ಮಾನ್ವಿಯ ನಮ್ಮ ಓಣಿಗೆಲ್ಲ ಒಂದೇ ಟಿವಿ, ಅದೂ ನಮ್ಮ ಪಡಸಾಲೆಯಲ್ಲಿ. ವಾರ್ತೆ ಶುರುವಾಯಿತೆಂದರೆ ಕಾಕಾ ಬಾಯಲ್ಲಿದ್ದ ಎಲೆ-ಅಡಿಕೆ ಉಗಿದು ಬಂದು, ರುಮಾಲು ಸರಿಮಾಡಿಕೊಂಡು, ವಾಚಕಿಯ ಎದುರು ನೆಟ್ಟಗೆ ಕೂರುತ್ತಿದ್ದ.

ಒಂದು ಸಂಜೆ ಓಣಿಯವರೆಲ್ಲರ ಮುಂದೆ ಕೇಳಿದೆ: “ಕಾಕಾ, ವಾಚಕಿ ಅಂದ್ರೇನ್ರಿ?”

“ವಾಚನ ಅಂದ್ರ ಓದೂದು. ವಾಚಕಿ ಅಂದ್ರ ಓದಾಕಿ. ಅಷ್ಟೂ ತಿಳಿಯಂಗಿಲ್ಲೇನು?”

“ಹಂಗಾರ ಆಕಿಯ ಕಾಕಾ ಆಕಿ ಸಾಲಿ ಬಿಡಿಸಿಲ್ಲ ಬಿಡ್ರಿ.”

ಎಲ್ಲರೂ ನಕ್ಕರು. ಕಾಕಾ ನನ್ನ ಕಪಾಳಕ್ಕೆ ಬಾರಿಸಿದ. ಆ ಉರಿ ಇನ್ನೂ ಆರಿಲ್ಲ.

ಈಗ ಕಾಕಾನಿಗೆ ಕಣ್ಣು ಕಾಣಿಸುವುದಿಲ್ಲ. ದಿನಾ ಬೆಳಿಗ್ಗೆ ನಾನೇ ಪೇಪರು ಓದಿ ಹೇಳಬೇಕು. ಅವನಿಗೆ ಬೇಕಾದ ಆಟದ ಸುದ್ದಿ ಇರುವುದು ಕೊನೆಯ ಪುಟಗಳಲ್ಲಿ. ನಾನು ಏಳನೇ ಪುಟ ಮುಗಿದ ಕೂಡಲೇ ಮಡಚಿಡುತ್ತೇನೆ.

“ಮುಂದ ಓದವಾ,” ಎಂದು ಗೋಗರೆಯುತ್ತಾನೆ.

“ನೀವು ನನಗ ಏಳರ ತನಕ ಅಷ್ಟ ಓದಿಸೀರಿ ಕಾಕಾ.”